ಬೆರಳಲ್ಲಿ 98, ಕಣ್ಣಲ್ಲಿ ಕೊರತೆ: ಕತ್ತಿನ ರಕ್ತನಾಳ ಕಿರಿದಾದ ಒಂದು ಪ್ರಕರಣ

ಶಹಾಬಾದ್ ಸಮೀಪದ ಕಲ್ಲು ಪಾಲಿಷ್ ಘಟಕವೊಂದರಲ್ಲಿ ಮೇಸ್ತ್ರಿಯಾಗಿರುವ 63 ವರ್ಷದ ವ್ಯಕ್ತಿಯೊಬ್ಬರು ಏಪ್ರಿಲ್ ಕೊನೆಯಲ್ಲಿ ಕಲಬುರಗಿಯ ನಮ್ಮ ಕಣ್ಣಿನ ಹೊರರೋಗಿ ವಿಭಾಗಕ್ಕೆ ಬಂದಾಗ ಹೇಳಿಕೊಂಡ ದೂರು ಚಿಕ್ಕದಾಗಿತ್ತು: "ಬಿಸಿಲಾಗ ನಿಂತ್ರ ಎಡಗಣ್ಣು ಬೆಳ್ಳಗಾಗಿ ಏನೂ ಕಾಣಲ್ರಿ. ನೆರಳಿಗಿ ಬಂದು ಕುಂತ್ರ ಹತ್ತು ನಿಮಿಷಕ್ಕ ಹೊಳ್ಳಿ ಕಾಣ್ತದ." ಫರಸಿ ಕಲ್ಲು ಕೊಯ್ದು ಉಜ್ಜುವ ಅಂಗಳದಲ್ಲಿ ಸುಣ್ಣಕಲ್ಲಿನ ಬಿಳಿ ಕೆಸರು ಒಣಗಿ ಪುಡಿಯಾಗಿ ಹರಡಿರುತ್ತದೆ, ಮಧ್ಯಾಹ್ನದ ಹೊತ್ತು ಅದರ ಮೇಲೆ ಬಿದ್ದ ಬಿಸಿಲು ಎದುರಿನಿಂದಲೂ ಕೆಳಗಿನಿಂದಲೂ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ ಯಾರಿಗಾದರೂ ಕಣ್ಣು ಕುಕ್ಕುವುದು ಸಹಜ. ಆದರೆ ಒಂದೇ ಕಣ್ಣು ಕುಕ್ಕುವುದು ಸಹಜವಲ್ಲ.

ಮೂರು ತಿಂಗಳಿಂದ ಹೀಗಾಗುತ್ತಿತ್ತು. ಎಡ ಹುಬ್ಬಿನ ಮೇಲೆ ಮಂದವಾದ ನೋವಿದ್ದು, ಅದು ಮಲಗಿದಾಗ ಕಡಿಮೆಯಾಗಿ ಎದ್ದು ಓಡಾಡಿದಾಗ ಹೆಚ್ಚುತ್ತಿತ್ತು. ಬೇರೆ ಊರೊಂದರಲ್ಲಿ ತೋರಿಸಿದಾಗ ಪೊರೆ ಬರುತ್ತಿದೆ, ಜೊತೆಗೆ ಶುಗರ್ ಕಣ್ಣಿಗೆ ಇಳಿದಿದೆ ಎಂದು ಹೇಳಿ ಹೊಸ ಕನ್ನಡಕ ಕೊಟ್ಟಿದ್ದರು. ಪೊರೆಯೂ ಸ್ವಲ್ಪ ಇತ್ತು, ಸಕ್ಕರೆ ಕಾಯಿಲೆಯೂ ಹನ್ನೊಂದು ವರ್ಷದ್ದು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಪೊರೆಯಿಂದ ಮಂಜಾದ ದೃಷ್ಟಿ ನೆರಳಿಗೆ ಬಂದು ಹತ್ತು ನಿಮಿಷ ಕುಳಿತರೆ ಮರಳುವುದಿಲ್ಲ, ಸಕ್ಕರೆ ಕಾಯಿಲೆ ಎರಡು ಕಣ್ಣುಗಳ ನಡುವೆ ಇಷ್ಟೊಂದು ಭೇದ ಮಾಡುವುದೂ ಇಲ್ಲ. ರಕ್ತದೊತ್ತಡಕ್ಕೆ ಎರಡು ಬಗೆಯ ಮಾತ್ರೆ ನಡೆದಿತ್ತು. ಬೀಡಿ ಹದಿಹರೆಯದಿಂದ ಬಂದ ಸಂಗಾತಿ.

ಜೊತೆಗೆ ಬಂದಿದ್ದ ಮಗ ಜಾಗರೂಕ ಹುಡುಗ. ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರನ್ನು ಜೇಬಿನಲ್ಲಿ ಇಟ್ಟುಕೊಂಡೇ ಬಂದಿದ್ದ. ಕಣ್ಣಿಗೆ ಆಮ್ಲಜನಕ ಸಾಲುತ್ತಿಲ್ಲವೆಂದು ತೋರುತ್ತದೆ ಎಂದು ನಾವು ಹೇಳಿದಾಗ ಆತ ತಂದೆಯ ಬೆರಳಿಗೆ ಅದನ್ನು ಸಿಕ್ಕಿಸಿ, "ಸಾಹೇಬ್ರೇ, ನೋಡ್ರಿ, 98 ಅದ. ಮತ್ತ ಕಣ್ಣಿಗಷ್ಟೇ ಹ್ಯಾಂಗ ಕಮ್ಮಿ ಆಗ್ತದ?" ಎಂದು ಕೇಳಿದ. ಈ ಪ್ರಕರಣವನ್ನು ಬರೆಯಬೇಕೆನಿಸಿದ್ದು ಈ ಪ್ರಶ್ನೆಯಿಂದಾಗಿಯೇ.

ಪರೀಕ್ಷೆಯಲ್ಲಿ ಕಂಡದ್ದು

ಬಲಗಣ್ಣಿನ ದೃಷ್ಟಿ 6/9, ಎಡಗಣ್ಣಿನದು 6/24. ಕಣ್ಣಿನ ಒತ್ತಡ ಬಲದಲ್ಲಿ 15, ಎಡದಲ್ಲಿ 11 ಮಿಲಿಮೀಟರ್ ಪಾದರಸ. ಹನಿ ಹಾಕಿ ಪಾಪೆ ಅಗಲಿಸುವ ಮೊದಲೇ ಸ್ಲಿಟ್ ಲ್ಯಾಂಪಿನಲ್ಲಿ ಐರಿಸ್ಸನ್ನು, ಅಂದರೆ ಪಾಪೆಯ ಸುತ್ತಲಿನ ಬಣ್ಣದ ಉಂಗುರವನ್ನು, ನೋಡುವುದು ಇಂಥ ರೋಗಿಗಳಲ್ಲಿ ಬಹಳ ಮುಖ್ಯ, ಏಕೆಂದರೆ ಪಾಪೆ ಅಗಲವಾದ ಮೇಲೆ ಅದರ ಅಂಚಿನಲ್ಲಿರುವ ಎಳೆಯ ರಕ್ತನಾಳಗಳು ಮಡಿಕೆಯೊಳಗೆ ಅಡಗಿಬಿಡುತ್ತವೆ. ಎಡಗಣ್ಣಿನ ಪಾಪೆಯ ಅಂಚಿನಲ್ಲಿ, ಗಡಿಯಾರದ ನಾಲ್ಕರಿಂದ ಏಳು ಗಂಟೆಯವರೆಗಿನ ಭಾಗದಲ್ಲಿ, ಕೂದಲಿಗಿಂತ ತೆಳುವಾದ ಕೆಂಪು ಗೆರೆಗಳು ಹೆಣೆದುಕೊಂಡಿದ್ದವು. ಗೋನಿಯೊಸ್ಕೋಪ್ ಇಟ್ಟು ನೋಡಿದಾಗ ಕಣ್ಣಿನ ನೀರು ಹೊರಹೋಗುವ ಕೋನದಲ್ಲಿಯೂ ಅಂಥವೇ ನಾಳಗಳಿದ್ದು, ಸುಮಾರು ಕಾಲು ಭಾಗದಷ್ಟು ಕೋನ ಅಂಟಿಕೊಂಡು ಮುಚ್ಚಿತ್ತು.

ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಡಿಯುವ ಪರದೆಯಾದ ರೆಟಿನಾದಲ್ಲಿ ಕಂಡ ಅಂತರ ಇನ್ನೂ ಸ್ಪಷ್ಟವಾಗಿತ್ತು. ಬಲಗಣ್ಣಿನಲ್ಲಿ ಸಕ್ಕರೆ ಕಾಯಿಲೆಯ ಆರಂಭದ ಕೆಲವು ಚುಕ್ಕೆಗಳನ್ನು ಬಿಟ್ಟರೆ ಹೇಳುವಂಥದ್ದಿರಲಿಲ್ಲ. ಎಡಗಣ್ಣಿನಲ್ಲಿ ಅಪಧಮನಿಗಳು ಸಣಕಲಾಗಿದ್ದವು. ಅಭಿಧಮನಿಗಳು ಉಬ್ಬಿದ್ದರೂ ತಿರುಚಿಕೊಂಡಿರಲಿಲ್ಲ. ರಕ್ತಸ್ರಾವದ ಗುಂಡು ಗುಂಡಾದ ಕಲೆಗಳು ನಡುವಿನಲ್ಲಿರದೆ, ನಡುವಿಗೂ ಅಂಚಿಗೂ ಮಧ್ಯದ ಪಟ್ಟಿಯಲ್ಲಿ ಚೆಲ್ಲಿದ್ದವು. ರೆಟಿನಾದ ಅಭಿಧಮನಿ ಕಟ್ಟಿಕೊಂಡಾಗಲೂ ಹೀಗೆ ರಕ್ತಸ್ರಾವವಾಗುತ್ತದೆ, ಆದರೆ ಅಲ್ಲಿ ಹೊರದಾರಿ ಮುಚ್ಚಿರುವುದರಿಂದ ನಾಳಗಳು ಉಬ್ಬುವುದಲ್ಲದೆ ಹಾವಿನಂತೆ ತಿರುಚಿಕೊಳ್ಳುತ್ತವೆ ಮತ್ತು ನರದ ಬುಡವೂ ಊದಿಕೊಳ್ಳುತ್ತದೆ. ಇಲ್ಲಿ ನರದ ಬುಡ ಶಾಂತವಾಗಿತ್ತು. ರೆಪ್ಪೆಯ ಮೇಲಿಂದ ಬೆರಳಿನಿಂದ ಕಣ್ಣುಗುಡ್ಡೆಯನ್ನು ಬಹಳ ಹಗುರವಾಗಿ ಒತ್ತುತ್ತ ಒಳಗೆ ನೋಡಿದರೆ, ಎಡಗಣ್ಣಿನ ಕೇಂದ್ರ ಅಪಧಮನಿ ಪ್ರತಿ ನಾಡಿಬಡಿತಕ್ಕೂ ಒಮ್ಮೆ ಖಾಲಿಯಾಗಿ ಮತ್ತೆ ತುಂಬುವುದು ಕಾಣುತ್ತಿತ್ತು. ಬಲಗಣ್ಣಿನಲ್ಲಿ ಅಷ್ಟೇ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಎಡಗಣ್ಣಿನ ಅಪಧಮನಿಯೊಳಗಿನ ಒತ್ತಡ ಎಷ್ಟು ಕುಸಿದಿದೆ ಎಂಬುದಕ್ಕೆ ಇದಕ್ಕಿಂತ ಅಗ್ಗದ, ನಂಬಬಹುದಾದ ಸಾಕ್ಷ್ಯ ಬೇರೊಂದಿಲ್ಲವೆಂದೇ ನನ್ನ ಅಭಿಪ್ರಾಯ. ಯಂತ್ರ ಬೇಡ, ಖರ್ಚಿಲ್ಲ, ಆದರೂ ಮಾಡುವವರು ಕಡಿಮೆ.

ಕತ್ತಿನ ಎಡಭಾಗದಲ್ಲಿ ಸ್ಟೆತೊಸ್ಕೋಪ್ ಇಟ್ಟಾಗ ನಾಡಿಯೊಂದಿಗೆ ಸೊಂಯ್ ಎಂಬ ಸದ್ದು ಕೇಳಿಬಂತು. ವಯಸ್ಸಾದವರಲ್ಲಿ ದೃಷ್ಟಿ ಹೋಗಿ ಬರುವುದಕ್ಕೆ ತಲೆಯ ಅಪಧಮನಿಯ ಉರಿಯೂತವೂ ಕಾರಣವಾಗಬಹುದಾದ್ದರಿಂದ ಉರಿಯೂತವನ್ನು ತೋರಿಸುವ ಇಎಸ್‌ಆರ್ ಮತ್ತು ಸಿಆರ್‌ಪಿ ರಕ್ತಪರೀಕ್ಷೆಗಳನ್ನು ಮಾಡಿಸಿದೆವು, ಎರಡೂ ಸಹಜ. ಫ್ಲೋರೆಸಿನ್ ಆಂಜಿಯೊಗ್ರಫಿಯಲ್ಲಿ ತೋಳಿಗೆ ಚುಚ್ಚಿದ ಬಣ್ಣ ಸಾಮಾನ್ಯವಾಗಿ 10ರಿಂದ 15 ಸೆಕೆಂಡಿನೊಳಗೆ ಕಣ್ಣು ಮುಟ್ಟಬೇಕು. ಎಡಗಣ್ಣಿನಲ್ಲಿ ಅದು 27ನೇ ಸೆಕೆಂಡಿಗೆ ಕಾಣಿಸಿಕೊಂಡು, ರೆಟಿನಾದ ಹಿಂದಿರುವ ರಕ್ತನಾಳಗಳ ಹಾಸಾದ ಕೊರಾಯ್ಡ್ ಪದರ ತೇಪೆ ತೇಪೆಯಾಗಿ ತುಂಬಿತು. ನಾಳದ ಗೋಡೆಗಳು ಬಣ್ಣ ಹೀರಿಕೊಂಡು ಹೊಳೆಯುತ್ತಿದ್ದವು.

ರಕ್ತದ ಹರಿವನ್ನು ಅಳೆಯುವ ಕತ್ತಿನ ಡಾಪ್ಲರ್ ಸ್ಕ್ಯಾನಿನ ವರದಿಯಲ್ಲಿ, ಮಿದುಳಿಗೂ ಕಣ್ಣಿಗೂ ರಕ್ತ ಒಯ್ಯುವ ಕತ್ತಿನ ಅಪಧಮನಿಯಾದ ಎಡ ಒಳ ಕ್ಯಾರೊಟಿಡ್‌ನ ಬುಡದಲ್ಲಿ ರಕ್ತದ ಗರಿಷ್ಠ ವೇಗ ಸೆಕೆಂಡಿಗೆ 360 ಸೆಂಟಿಮೀಟರ್ ಎಂದಿತ್ತು. 230ನ್ನು ದಾಟಿದರೆ ಶೇ 70 ಅಥವಾ ಅದಕ್ಕಿಂತ ಹೆಚ್ಚು ಕಿರಿದಾಗಿದೆ ಎಂದು ತಿಳಿಯುವುದು ವಾಡಿಕೆ. ಸಿಟಿ ಆಂಜಿಯೊಗ್ರಾಂ ಅದನ್ನು ಶೇ 90 ಎಂದು ಖಚಿತಪಡಿಸಿತು. ಬಲಭಾಗದಲ್ಲಿ ಶೇ 40ರ ಆಸುಪಾಸು ಇತ್ತು. ಎಡಗಣ್ಣಿಗೆ ಹೋಗುವ ಆಫ್ತಾಲ್ಮಿಕ್ ಅಪಧಮನಿಯಲ್ಲಿ ರಕ್ತ ಉಲ್ಟಾ ದಿಕ್ಕಿನಲ್ಲಿ ಹರಿಯುತ್ತಿತ್ತು.

ರಕ್ತದಲ್ಲಿ ಇದೆ, ಕಣ್ಣಿಗೆ ಇಲ್ಲ

ಬೆರಳಿನ ಆಕ್ಸಿಮೀಟರ್ ಹೇಳುವುದು ಅಪಧಮನಿಯ ರಕ್ತದಲ್ಲಿರುವ ಹಿಮೋಗ್ಲೋಬಿನ್ನಿನ ನೂರು ಪಾಲಿನಲ್ಲಿ ಎಷ್ಟು ಪಾಲು ಆಮ್ಲಜನಕವನ್ನು ಹೊತ್ತಿದೆ ಎಂಬುದನ್ನು ಮಾತ್ರ. ಅಂಗವೊಂದಕ್ಕೆ ಆ ರಕ್ತ ನಿಮಿಷಕ್ಕೆ ಎಷ್ಟು ತಲುಪುತ್ತಿದೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಮಗನ ಬಳಗದವರು ಶಹಾಪುರದ ಕಡೆ ಭತ್ತ ಬೆಳೆಯುವವರು. ನಾರಾಯಣಪುರ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ಅವರ ಹೊಲವಿದೆ. ಜಲಾಶಯದಲ್ಲಿಯೂ ನಿಮ್ಮ ಹೊಲದಲ್ಲಿಯೂ ಇರುವುದು ಅದೇ ಕೃಷ್ಣೆಯ ನೀರು, ಕೊನೆ ಭಾಗಕ್ಕೆ ಕಮ್ಮಿ ಬೀಳುವುದು ನೀರಿನ ಗುಣವಲ್ಲ, ಹರಿವು ಎಂದಾಗ ಅವನಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಕತ್ತಿನ ಸಾಮಾನ್ಯ ಕ್ಯಾರೊಟಿಡ್ ಗಂಟಲಿನ ಥೈರಾಯ್ಡ್ ಮೃದ್ವಸ್ಥಿಯ ಮೇಲಂಚಿನ ಮಟ್ಟದಲ್ಲಿ ಇಬ್ಭಾಗವಾಗುತ್ತದೆ, ಮತ್ತು ಕೊಬ್ಬಿನ ಗಾರೆ ಕಟ್ಟುವುದು ಬಹುತೇಕ ಆ ಕವಲಿನಲ್ಲಿಯೇ. ಒಳ ಕವಲು ತಲೆಬುರುಡೆಯೊಳಗೆ ಹೊಕ್ಕು ಕೊಡುವ ಮೊದಲ ದೊಡ್ಡ ಶಾಖೆಯೇ ಆಫ್ತಾಲ್ಮಿಕ್ ಅಪಧಮನಿ. ಹೀಗಾಗಿ ಕತ್ತಿನಲ್ಲಿ ಆದ ತಡೆ ಮೊದಲು ಮುಟ್ಟಬಹುದಾದ ಜಾಗಗಳಲ್ಲಿ ಕಣ್ಣೂ ಒಂದು. ಆದರೂ ಶೇ 50 ಕಿರಿದಾದಾಗ ಕಣ್ಣಿಗೆ ಏನೂ ತಿಳಿಯುವುದಿಲ್ಲ. ಹರಿವು ಗಣನೀಯವಾಗಿ ಕುಸಿಯಲು ನಾಳ ಬಹಳವೇ ಕಿರಿದಾಗಬೇಕು. ಶೇ 90 ಎಂಬುದು ವ್ಯಾಸದ ಲೆಕ್ಕವೆಂಬುದನ್ನೂ ಮರೆಯಬಾರದು: ವ್ಯಾಸದಲ್ಲಿ ಹತ್ತರಲ್ಲೊಂದು ಉಳಿದರೆ ರಕ್ತ ಹಾಯುವ ರಂಧ್ರದ ವಿಸ್ತೀರ್ಣದಲ್ಲಿ ಉಳಿಯುವುದು ನೂರರಲ್ಲೊಂದು. ಆ ಹಂತದಲ್ಲಿ ರೆಟಿನಾದ ಕೇಂದ್ರ ಅಪಧಮನಿಯ ಒತ್ತಡ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಮಿದುಳಿಗೆ ಬದಲಿ ದಾರಿಗಳಿವೆ. ತಲೆಬುರುಡೆಯ ತಳದಲ್ಲಿರುವ ನಾಳಗಳ ಉಂಗುರ ಬಲದಿಂದ ಎಡಕ್ಕೆ ರಕ್ತ ತರಬಲ್ಲದು. ಅದು ಸಾಲದಿದ್ದಾಗ ಮುಖ ಮತ್ತು ಹಣೆಯ ನಾಳಗಳ ರಕ್ತ ಕಣ್ಣಿನ ಗೂಡಿನ ಮೂಲಕ ಹಿಂದಕ್ಕೆ ಹರಿದು, ಆಫ್ತಾಲ್ಮಿಕ್ ಅಪಧಮನಿಯನ್ನು ಉಲ್ಟಾ ಬಳಸಿಕೊಂಡು ಮಿದುಳು ಸೇರುತ್ತದೆ. ನಮ್ಮ ರೋಗಿಯಲ್ಲಿ ಆಗಿದ್ದುದು ಇದೇ. ಅವರಿಗೆ ಲಕ್ವ ಹೊಡೆಯದಿರಲು ಕಾರಣವಾದ ಏರ್ಪಾಡೇ, ಕಣ್ಣಿನ ಪಕ್ಕದಲ್ಲಿ ಹಾದುಹೋಗುವ ರಕ್ತವನ್ನು ಕಣ್ಣಿಗೆ ಸಿಗದಂತೆಯೂ ಮಾಡಿತ್ತು.

ಇನ್ನು ಆಮ್ಲಜನಕದ ಲೆಕ್ಕ. ರೆಟಿನಾಕ್ಕೆ ಎರಡು ಕಡೆಯಿಂದ ಪೂರೈಕೆಯಿದೆ: ಒಳ ಅರ್ಧಕ್ಕೆ ಕೇಂದ್ರ ಅಪಧಮನಿಯ ಕವಲುಗಳು, ಬೆಳಕನ್ನು ಹಿಡಿಯುವ ಕೋಶಗಳಿರುವ ಹೊರ ಅರ್ಧಕ್ಕೆ ಹಿಂದಿನ ಕೊರಾಯ್ಡ್ ಪದರ. ಎರಡು ತರಂಗಾಂತರದ ಬೆಳಕಿನಲ್ಲಿ ರೆಟಿನಾದ ಚಿತ್ರ ತೆಗೆದು ನಾಳದೊಳಗಿನ ಆಮ್ಲಜನಕವನ್ನು ಅಳೆಯುವ ರೆಟಿನಲ್ ಆಕ್ಸಿಮೀಟರುಗಳಿವೆ. ಅವು ಬಹುತೇಕ ಸಂಶೋಧನಾ ಕೇಂದ್ರಗಳಲ್ಲಿಯೇ ಉಳಿದಿರುವುದರಿಂದ ಈ ರೋಗಿಯಲ್ಲಿ ಆ ಅಳತೆ ನಡೆಯಲಿಲ್ಲ. ಆರೋಗ್ಯವಂತರಲ್ಲಿ ರೆಟಿನಾದ ಅಪಧಮನಿಯಲ್ಲಿ ಸುಮಾರು ಶೇ 92, ಅಭಿಧಮನಿಯಲ್ಲಿ ಸುಮಾರು ಶೇ 55 ಇರುತ್ತದೆ. ಈ 37ರ ಅಂತರವನ್ನು ಹರಿವಿನಿಂದ ಗುಣಿಸಿದರೆ ರೆಟಿನಾ ಬಳಸಿಕೊಂಡ ಆಮ್ಲಜನಕದ ಅಳತೆ ಸಿಗುತ್ತದೆ. ಹರಿವು ಅರ್ಧವಾದರೆ ಅಷ್ಟೇ ಆಮ್ಲಜನಕ ಪಡೆಯಲು ರೆಟಿನಾ 74 ಪಾಲು ಹಿಂಡಿಕೊಳ್ಳಬೇಕು, ಆಗ ಅಭಿಧಮನಿಯಲ್ಲಿ ಉಳಿಯುವುದು 18 ಮಾತ್ರ. ಕಾಗದದ ಮೇಲೆ ಇದು ಸರಿಯೇ, ಆದರೆ ಆಮ್ಲಜನಕ ನಾಳದಿಂದ ಕೋಶಕ್ಕೆ ನುಗ್ಗುವುದು ಒತ್ತಡದ ವ್ಯತ್ಯಾಸದಿಂದ. ರಕ್ತದಲ್ಲಿಯೇ ಅದು ಅಷ್ಟು ಕೆಳಗಿಳಿದಾಗ ಅತಿ ಸಣ್ಣ ರಕ್ತನಾಳವಾದ ಲೋಮನಾಳದ ಕೊನೆಯಲ್ಲಿರುವ ಕೋಶಗಳಿಗೆ ತಲುಪುವಷ್ಟು ತಳ್ಳು ಉಳಿದಿರುವುದಿಲ್ಲ. ಅಲ್ಲಿನ ಕೋಶಗಳು ಆಗ ವಿಇಜಿಎಫ್ ಎಂಬ ಪ್ರೋಟೀನನ್ನು ಹೊರಸೂಸುತ್ತವೆ; ಅದು ಕಣ್ಣಿನ ಮುಂಭಾಗಕ್ಕೂ ಹರಡಿ ಐರಿಸ್ಸಿನಲ್ಲಿ ಹೊಸ ನಾಳಗಳನ್ನು ಚಿಗುರಿಸುತ್ತದೆ. ನಾವು ಕಂಡ ಕೆಂಪು ಗೆರೆಗಳು ಅವೇ.

ಇಲ್ಲೊಂದು ಎಚ್ಚರಿಕೆಯ ಮಾತು. ಅಭಿಧಮನಿಯ ಅಂಕಿ ಏರಿದರೆ ಕಣ್ಣು ಸುಧಾರಿಸಿತೆಂದು ಹಿಗ್ಗುವಂತಿಲ್ಲ. ಹರಿವು ಸುಧಾರಿಸಿದರೂ ಆ ಅಂಕಿ ಏರುತ್ತದೆ, ರೆಟಿನಾದ ಕೋಶಗಳು ಸತ್ತು ಬೇಡಿಕೆಯೇ ಇಲ್ಲವಾದರೂ ಏರುತ್ತದೆ. ಹರಿವನ್ನು ಜೊತೆಯಲ್ಲಿ ಅಳೆಯದೆ ಆಮ್ಲಜನಕವನ್ನಷ್ಟೇ ಅಳೆದರೆ ಮಗನ ಆಕ್ಸಿಮೀಟರು ಮಾಡಿದ ತಪ್ಪನ್ನೇ ದುಬಾರಿ ಯಂತ್ರವೂ ಮಾಡೀತು.

ಬಿಸಿಲಿನಲ್ಲಿಯೇ ಯಾಕೆ ಎಂಬುದು ಉಳಿಯಿತು. ಬೆಳಕಿನ ಕೋಶಗಳು ಹೆಚ್ಚು ಆಮ್ಲಜನಕ ಬಳಸುವುದು ಬೆಳಕಿನಲ್ಲಲ್ಲ, ಕತ್ತಲೆಯಲ್ಲಿ. ಹಾಗಿದ್ದರೆ ರಾತ್ರಿ ಕಣ್ಣು ಕಟ್ಟಬೇಕಿತ್ತಲ್ಲವೇ? ಇದಕ್ಕೆ ಕೊಡಲಾಗುವ ವಿವರಣೆ ಹೀಗಿದೆ: ಪ್ರಖರ ಬೆಳಕು ಕೋಶಗಳೊಳಗಿನ ದೃಶ್ಯವರ್ಣಕವನ್ನು ಒಂದೇ ಏಟಿಗೆ ಬಿಳಿಚಿಸುತ್ತದೆ, ಅದನ್ನು ಮತ್ತೆ ಕಟ್ಟಿಕೊಡುವ ಕೆಲಸ ಕೊರಾಯ್ಡ್‌ನ ರಕ್ತವನ್ನೇ ನೆಚ್ಚಿದ ಪದರದಲ್ಲಿ ನಡೆಯುತ್ತದೆ, ಮತ್ತು ಆ ರಕ್ತ ಸೊರಗಿದಾಗ ಸೆಕೆಂಡುಗಳಲ್ಲಿ ಮುಗಿಯಬೇಕಾದ ದುರಸ್ತಿ ನಿಮಿಷಗಳನ್ನು ತೆಗೆದುಕೊಳ್ಳುತ್ತದೆ. ಕಣ್ಣಿಗೆ ಬರುವ ರಕ್ತದ ಬಹುಪಾಲು ಹಾಯುವುದು ಕೊರಾಯ್ಡ್‌ನಲ್ಲಿಯೇ. ಒತ್ತಡ ಇಳಿದಾಗ ಹರಿವನ್ನು ಕಾಯ್ದುಕೊಳ್ಳುವ ಶಕ್ತಿ ಮಾತ್ರ ಅದಕ್ಕೆ ರೆಟಿನಾದ ನಾಳಗಳಿಗಿಂತ ಕಡಿಮೆ. ಕತ್ತಿನ ನಾಳದ ಕಾಯಿಲೆಯಿಂದ ಕಣ್ಣಿನೊಳಗೆ ಆಗುವ ಈ ಬಗೆಯ ಬದಲಾವಣೆಗಳನ್ನು ಅಮೆರಿಕದ ವೈದ್ಯರಾದ ಕರ್ನ್ಸ್ ಮತ್ತು ಹಾಲೆನ್‌ಹಾರ್ಸ್ಟ್ 1963ರಲ್ಲಿಯೇ ವಿವರಿಸಿದ್ದರು. ಬೆಳಕಿನಿಂದ ದೃಷ್ಟಿ ಕಟ್ಟುವ ಲಕ್ಷಣ 1979ರಲ್ಲಿ ದಾಖಲಾಯಿತು.

ರಕ್ತದೊತ್ತಡದ ಮಾತ್ರೆಗಳ ಪಾತ್ರವೂ ಇತ್ತು. ಕುಳಿತಾಗ 118/66 ಇದ್ದ ಒತ್ತಡ ಎದ್ದು ಮೂರು ನಿಮಿಷಕ್ಕೆ 98/60ಕ್ಕೆ ಬಿತ್ತು. ಬೆಳಿಗ್ಗೆ ಎರಡೂ ಮಾತ್ರೆಯನ್ನು ಒಟ್ಟಿಗೆ ನುಂಗಿ, ಒಂದು ರೊಟ್ಟಿ ತಿಂದು, ಬೆವರು ಸುರಿಸುತ್ತ ಬಿಸಿಲಿನಲ್ಲಿ ನಿಲ್ಲುವ ಮನುಷ್ಯ. ಎದ್ದು ನಿಂತಾಗಿನ ಸರಾಸರಿ ಒತ್ತಡ ಸುಮಾರು 73. ಕಣ್ಣಿನ ಮಟ್ಟಕ್ಕೆ ಅದರ ಮೂರರಲ್ಲಿ ಎರಡು ಪಾಲು, ಅಂದರೆ 49 ತಲುಪುತ್ತದೆ. ಬಲಗಣ್ಣಿನ ಒಳ ಒತ್ತಡ 15ನ್ನು ಕಳೆದರೆ ರಕ್ತವನ್ನು ತಳ್ಳಲು 34 ಉಳಿಯುತ್ತದೆ. ಎಡದಲ್ಲಿ ಆ 49 ಅರ್ಧವಾಗಿ 24 ಆಗುತ್ತದೆ, 11ನ್ನು ಕಳೆದರೆ ಉಳಿಯುವುದು 13. ಇದು ಅಂದಾಜಿನ ಲೆಕ್ಕವೇ ಹೌದು, ಆದರೂ ಮಲಗಿದಾಗ ಹುಬ್ಬಿನ ನೋವು ಏಕೆ ಇಳಿಯುತ್ತಿತ್ತು ಎಂಬುದನ್ನು ಇದೇ ತಿಳಿಸುತ್ತದೆ: ತಲೆ ಹೃದಯದ ಮಟ್ಟಕ್ಕೆ ಬಂದಾಗ ಆ ಮೂರನೇ ಒಂದರಷ್ಟು ನಷ್ಟ ತಪ್ಪುತ್ತದೆ.

ಚಿಕಿತ್ಸೆ

ಅದೇ ವಾರ ಎಡಗಣ್ಣಿಗೆ, ವಿಇಜಿಎಫ್ ಅನ್ನು ತಡೆಯುವ ಬೆವಾಸಿಜುಮ್ಯಾಬ್ ಚುಚ್ಚುಮದ್ದು ಕೊಡಲಾಯಿತು, ಎರಡು ಕಂತುಗಳಲ್ಲಿ ಲೇಸರ್ ಮಾಡಲಾಯಿತು. ಲೇಸರ್ ರೆಟಿನಾದ ಅಂಚಿನ ಕೋಶಗಳನ್ನು ಸುಟ್ಟು ಆಮ್ಲಜನಕದ ಬೇಡಿಕೆಯನ್ನು ತಗ್ಗಿಸುತ್ತದೆ, ಉಳಿದದ್ದು ಕೊರಾಯ್ಡ್‌ನಿಂದ ಒಳ ಪದರಕ್ಕೆ ಸೋರುವಂತೆ ಮಾಡುತ್ತದೆ. ಕೊರಾಯ್ಡೇ ಬಡವಾಗಿರುವ ಕಣ್ಣಿನಲ್ಲಿ ಅದರ ಫಲ ಸಕ್ಕರೆ ಕಾಯಿಲೆಯ ಕಣ್ಣಿನಷ್ಟು ಚೆನ್ನಾಗಿರುವುದಿಲ್ಲ. ಆಸ್ಪಿರಿನ್ ಮತ್ತು ಕೊಲೆಸ್ಟರಾಲ್ ಇಳಿಸುವ ಅಟೊರ್ವಾಸ್ಟಾಟಿನ್ ಹೆಚ್ಚಿನ ಪ್ರಮಾಣದಲ್ಲಿ ಆರಂಭವಾದವು. ಒಂದು ಒತ್ತಡದ ಮಾತ್ರೆಯನ್ನು ವೈದ್ಯರು ತಾತ್ಕಾಲಿಕವಾಗಿ ನಿಲ್ಲಿಸಿದರು. ಬೀಡಿ ಬಿಡಿಸುವುದು ಮಗನ ಪಾಲಿಗೆ ಬಂತು.

ಕಣ್ಣಿನ ಚಿಕಿತ್ಸೆಗಿಂತ ಹೃದಯದ ತಪಾಸಣೆಗೆ ನಾವು ಹೆಚ್ಚು ಆತುರಪಟ್ಟೆವು. ಕತ್ತಿನ ನಾಳ ಕಿರಿದಾಗಿ ಕಣ್ಣಿಗೆ ರಕ್ತ ಸಾಲದಾಗುವ ಈ ಕಾಯಿಲೆಯವರಲ್ಲಿ (ಆಕ್ಯುಲರ್ ಇಸ್ಕೀಮಿಕ್ ಸಿಂಡ್ರೋಮ್) ಐದು ವರ್ಷದೊಳಗೆ ಸುಮಾರು ಶೇ 40 ಮಂದಿ ತೀರಿಕೊಳ್ಳುತ್ತಾರೆ, ಹೆಚ್ಚಿನವರು ಹೃದಯಾಘಾತದಿಂದ. ಎದೆನೋವೇ ಇಲ್ಲದವರಿಗೆ ಹೃದಯದ ಪರೀಕ್ಷೆ ಯಾಕೆಂದು ಮನೆಯವರು ಮೊದಲು ಹಿಂಜರಿದರು. ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಕಲಬುರಗಿಯಲ್ಲಿಯೇ ಇರುವುದರಿಂದ ಇದಕ್ಕಾಗಿ ಊರು ಬಿಡಬೇಕಾದ ಪರಿಸ್ಥಿತಿ ಈಗ ಈ ಭಾಗದವರಿಗಿಲ್ಲ ಎಂಬುದು ಸಮಾಧಾನದ ಸಂಗತಿ. ಒಂದು ನಾಳದಲ್ಲಿ ಮಧ್ಯಮ ತಡೆ ಕಂಡಿತು, ಔಷಧದಲ್ಲಿ ನಿಭಾಯಿಸಬಹುದೆಂದು ತೀರ್ಮಾನವಾಯಿತು.

ಕತ್ತಿನ ಶಸ್ತ್ರಚಿಕಿತ್ಸೆಗೆ ಹೈದರಾಬಾದಿಗೆ ಹೋದರು. ಬೆಂಗಳೂರಿಗಿಂತ ಅದೇ ನಮಗೆ ಹತ್ತಿರ. ಲಕ್ಷಣ ತೋರಿದ, ಶೇ 70ರಿಂದ 99ರಷ್ಟು ಕಿರಿದಾದ ನಾಳವನ್ನು ತೆರೆದು ಗಾರೆ ತೆಗೆಯುವುದರಿಂದ ಆಗುವ ಲಾಭವನ್ನು 1991ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ನಾಸ್ಕೆಟ್ ಅಧ್ಯಯನ ತೋರಿಸಿಕೊಟ್ಟಿತ್ತು: ಎರಡು ವರ್ಷದಲ್ಲಿ ಅದೇ ಭಾಗದ ಪಾರ್ಶ್ವವಾಯು ಔಷಧ ಮಾತ್ರ ಪಡೆದವರಲ್ಲಿ ಶೇ 26, ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಶೇ 9. ನಾಳ ಪೂರ್ತಿ ಮುಚ್ಚಿಹೋಗಿದ್ದರೆ ಈ ದಾರಿ ಇರುತ್ತಿರಲಿಲ್ಲ. ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನಡೆಯಿತು.

ತೊಂದರೆ ಬಂದದ್ದು ಆಮೇಲೆ, ಅದೂ ನಿರೀಕ್ಷಿಸಿದ ಕಡೆಯಿಂದಲೇ. ಎಡಗಣ್ಣಿನ ಒತ್ತಡ 11 ಇದ್ದುದು ಕಣ್ಣು ಚೆನ್ನಾಗಿದ್ದುದರ ಗುರುತಾಗಿರಲಿಲ್ಲ. ಕಣ್ಣಿನ ನೀರನ್ನು ಸ್ರವಿಸುವ ಭಾಗಕ್ಕೂ ರಕ್ತ ಸಾಲದೆ ಅದು ಕೆಲಸ ಕಡಿಮೆ ಮಾಡಿತ್ತು, ಅದರಿಂದಾಗಿ ಕೋನ ಭಾಗಶಃ ಮುಚ್ಚಿದ್ದರೂ ಒತ್ತಡ ಏರಿರಲಿಲ್ಲ. ರಕ್ತ ಮರಳಿದಾಗ ನೀರೂ ಮರಳಿತು, ಹೊರಹೋಗುವ ದಾರಿ ಮಾತ್ರ ಮೊದಲಿನಷ್ಟೇ ಇಕ್ಕಟ್ಟು. ಒಂಬತ್ತನೆಯ ದಿನ ಕೆಂಪಾದ, ನೋಯುವ ಕಣ್ಣಿನೊಂದಿಗೆ ಬಂದಾಗ ಒತ್ತಡ 38 ಇತ್ತು. ಹೀಗಾಗಬಹುದೆಂದು ಮೊದಲೇ ಹೇಳಿ ಕಳುಹಿಸಿದ್ದರಿಂದ ಅವರು ತಡಮಾಡದೆ ಬಂದಿದ್ದರು. ಬೀಡಿಯಿಂದ ಬಂದ ಉಬ್ಬಸವಿದ್ದುದರಿಂದ ಟಿಮೊಲಾಲ್ ಬಿಟ್ಟು, ಡೊರ್ಜೊಲಮೈಡ್ ಮತ್ತು ಬ್ರಿಮೊನಿಡಿನ್ ಹನಿಗಳನ್ನೂ, ಮೂತ್ರಪಿಂಡದ ವರದಿ ನೋಡಿಕೊಂಡು ಕೆಲವು ದಿನ ಅಸಿಟಜೊಲಮೈಡ್ ಮಾತ್ರೆಯನ್ನೂ ಕೊಟ್ಟೆವು. ಬೆವಾಸಿಜುಮ್ಯಾಬ್ ಇನ್ನೊಮ್ಮೆ ಕೊಡಬೇಕಾಯಿತು. ಎರಡು ವಾರದಲ್ಲಿ ಒತ್ತಡ 19ಕ್ಕೆ ಬಂತು.

ನಾಲ್ಕು ತಿಂಗಳ ನಂತರ ಎಡಗಣ್ಣಿನ ದೃಷ್ಟಿ 6/18. ಬಿಸಿಲಿನಲ್ಲಿ ಕಣ್ಣು ಕಟ್ಟುವುದು ನಿಂತಿದೆ, ಹುಬ್ಬಿನ ನೋವಿಲ್ಲ, ರಕ್ತಸ್ರಾವದ ಕಲೆಗಳು ಬಹುತೇಕ ಕರಗಿವೆ, ಬೆರಳಿನಿಂದ ಒತ್ತಿದರೆ ಕೇಂದ್ರ ಅಪಧಮನಿ ಈಗ ಬಲಗಣ್ಣಿನದರಂತೆಯೇ ಸುಮ್ಮನಿರುತ್ತದೆ. ಐರಿಸ್ಸಿನ ನಾಳಗಳು ಒಣಗಿವೆ, ಆದರೆ ಅಂಟಿಕೊಂಡ ಕೋನ ಬಿಡಿಸಿಕೊಂಡಿಲ್ಲ, ಬಿಡಿಸಿಕೊಳ್ಳುವುದೂ ಇಲ್ಲ. ಎರಡು ಹನಿ ಔಷಧ ಮುಂದುವರಿಯುತ್ತಿದೆ, ಒತ್ತಡ ಮತ್ತೆ ಏರಿದರೆ ಅದನ್ನು ತಗ್ಗಿಸುವ ಗ್ಲಾಕೋಮಾ ಶಸ್ತ್ರಚಿಕಿತ್ಸೆಯನ್ನು ಯೋಚಿಸಬೇಕಾಗುತ್ತದೆ. ಬಲ ಕ್ಯಾರೊಟಿಡ್‌ನ ಶೇ 40ಕ್ಕೆ ಸದ್ಯಕ್ಕೆ ಮಾತ್ರೆಗಳಷ್ಟೇ ಸಾಕಾಗಿದ್ದು, ಅದರ ಡಾಪ್ಲರ್ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಮಾಡಿಸಲು ಸೂಚಿಸಲಾಗಿದೆ.